ಐದು ಸೀರೆ

ಬಾಗಿಲು ತಟ್ಟಿದ ಸದ್ದಾಯಿತು. ಸೆರಗಿಗೆ ಕುಚ್ಚು ಕಟ್ಟಿ ಮುಗಿಸಿದ್ದ ಸೀರೆಗಳ ಚೀಲ ಹಿಡಿದು ಅವಳು ಓಡಿದಳು. ಮೂರು ಗಂಟೆಗೆ ಆಳು ಕಳಿಸುತ್ತೇವೆಂದು ಅಂಗಡಿಯವರು ಹೇಳಿದ್ದರು.

ತೆರೆದರೆ ಗಂಡ! ಏಳು ಗಂಟೆಗೆ ಫ್ಯಾಕ್ಟರಿಯಿಂದ ಬರಬೇಕಾದವನು. ‘ಹೆಂಡ್ತಿ ದುಡಿಮೇಲಿ ಉಣ್ಣೋ ಗತಿ ನನಗೆ ಬಂದಿಲ್ಲ’ ಎಂದು ಹಿಂದೊಮ್ಮೆ ಕುಚ್ಚಿನ ದಾರವನ್ನೆಲ್ಲ ಚರಂಡಿಗೆ ಎಸೆದವನು. ಅವಳು ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

“ಏನ್ರೀ, ಇಷ್ಟು ಬೇಗ?”

ಅವನು ಅವಳ ಬೆನ್ನ ಹಿಂದೆ ಇಣುಕಿದ.

“ಹುಷಾರಿಲ್ವಾ? ಒಳಗೆ ಹೋಗಿ ಮಲಗಿ.” ಅಂಗಡಿಯ ಆಳು ಇನ್ನೇನು ಬಂದೇಬಿಡುತ್ತಾನೆ.

ಅವನು ಹೊಸ್ತಿಲು ದಾಟಲಿಲ್ಲ. “ಚೀಲದಲ್ಲೇನು?”

“ಪಕ್ಕದ್ಮನೆಯವರ ಬಟ್ಟೆ.”

ಅವನು ತಲೆ ತಗ್ಗಿಸಿ, ಜೇಬಿನಿಂದ ಅಂಗಡಿಯ ಚೀಟಿ ತೆಗೆದ.

“ಐದು ಸೀರೆ ಅಂತ ಬರೆದಿದಾರೆ. ಕೊಡು, ಇನ್ನೂ ನಾಲ್ಕು ಮನೆಗೆ ಹೋಗ್ಬೇಕು.”