ಅಯಸ್ಕಾಂತ

ಪ್ರಯೋಗಾಲಯದಲ್ಲಿ ಬುರುಲ್ ಗಾಜಿನ ಜಾಡಿಗೆ ಅಯಸ್ಕಾಂತ ಒತ್ತಿ ಹಿಡಿದಳು. ಓಶ್ ನಗರದ ಆಸ್ಪತ್ರೆಯೊಂದರ ಚರಂಡಿ ನೀರಿಗೆ ಅವಳು ಕಲಸಿದ್ದ ಕಪ್ಪು ನ್ಯಾನೋ ಪುಡಿ, ರೋಗಾಣುಗಳನ್ನೂ ಕರಗಿದ್ದ ಔಷಧಿಯನ್ನೂ ಹೊತ್ತುಕೊಂಡು ಬಂದು ಗಾಜಿಗೆ ಅಂಟಿತು. ನೀರು ತಿಳಿಯಾಯಿತು.

ಅದೇ ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆ ಪಕ್ಕದಿಂದ ಎದ್ದು ಬಂದಿದ್ದ ಅಣ್ಣ ತಿಲೆಕ್, ಉಣ್ಣೆ ಟೋಪಿ ತೆಗೆದು ಬಾಗಿಲಲ್ಲೇ ನಿಂತಿದ್ದ.

"ಯಾವ ಆಂಟಿಬಯೋಟಿಕ್ಕೂ ನಾಟ್ತಿಲ್ವಂತೆ ಕಣೇ. ನಂಜು ರಕ್ತಕ್ಕೇ ಏರಿದೆ ಅಂದ್ರು ಡಾಕ್ಟ್ರು."

"ಗೊತ್ತಣ್ಣ. ಈ ನೀರಲ್ಲಿದ್ದಿದ್ದೂ ಅದೇ ರೋಗಾಣು."

"ಹಿಡಿದೆಯಲ್ಲ ಈಗ! ಆ ಪುಡೀನ ಅಪ್ಪಂಗೂ ಒಂಚೂರು ಹಾಕೇ. ಬೇಕಾದ್ರೆ ರಾತ್ರಿಯೆಲ್ಲ ನಾನೇ ಅಯಸ್ಕಾಂತ ಹಿಡ್ಕೊಂಡು ಕೂರ್ತೀನಿ."

"ಇದು ಚರಂಡಿಗೆ ಮಾಡಿದ್ದು. ಮನುಷ್ಯರ ಮೈಗೆ ಹಾಕೋ ಹಾಗಿಲ್ಲ."

"ಅಪ್ಪ ಕುರಿ ಮಾರಿ ನಿನ್ನ ಓದ್ಸಿದ್ದು ಚರಂಡಿ ತೊಳೆಯೋಕಾ?"

ತಿಲೆಕ್ ತಂಗಿಯ ಕೈಯಿಂದ ಅಯಸ್ಕಾಂತ ಕಿತ್ತುಕೊಂಡು, ಟೋಪಿಯಲ್ಲಿ ಸುತ್ತಿ ಎದೆಗವಚಿಕೊಂಡು ಆಸ್ಪತ್ರೆಯತ್ತ ಓಡಿದ. ಬರೀ ಅಯಸ್ಕಾಂತದಿಂದ ಏನೂ ಆಗೋದಿಲ್ಲ ಎಂದು ಕೂಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಜಾಡಿಯೊಳಗೆ ಪುಡಿಯು ಗಾಜನ್ನು ಬಿಟ್ಟು, ತಿಳಿಯಾಗಿದ್ದ ನೀರಿಗೆ ಮೆಲ್ಲಗೆ ಕಪ್ಪಾಗಿ ಮರಳುತ್ತಿತ್ತು.