ಐದನೆಯ ತಪ್ಪೊಪ್ಪಿಗೆ

"ರೋಲರ್ ಬಿಸಿ ಜಾಸ್ತಿ ಇಟ್ಟಿದ್ದು ನಾನೇ ಸರ್," ಎಂದು ಬಟ್ಟೆ ಮಡಚುವವಳು ನಿಂತಲ್ಲೇ ಒಪ್ಪಿಕೊಂಡಳು. ವಿಚಾರಣಾಧಿಕಾರಿ ಇನ್ನೂ ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿಗೆ ಸಿಕ್ಕಿ ನಲವತ್ತು ಹಾಸುಬಟ್ಟೆ ಸೀದು ಕಪ್ಪಾಗಿದ್ದವು. ಯಾರ ಕೈಯಿಂದ ಆಯಿತೆಂದು ಗೊತ್ತಾದರೆ ಅವರು ಅಂದೇ ಮನೆಗೆ. ಇಷ್ಟು ಸಲೀಸಾಗಿ ಮುಗಿಯುವ ವಿಚಾರಣೆಯನ್ನು ಅಧಿಕಾರಿ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಎರಡನೆಯವಳು ಒಳಗೆ ಬಂದು ಅದನ್ನೇ ಹೇಳಿದಳು. ಮೂರನೆಯವಳೂ ಅಷ್ಟೇ, ಜೊತೆಗೆ ಎರಡು ಹನಿ ಕಣ್ಣೀರು. ನಾಲ್ಕನೆಯವಳ ಹೊತ್ತಿಗೆ ಅಧಿಕಾರಿ ಹಾಜರಿ ಪುಸ್ತಕ ತೆರೆದಿಟ್ಟುಕೊಂಡಿದ್ದರು.

"ಅವತ್ತು ನಿಮಗೆ ರಜೆ ಅಲ್ವೇನಮ್ಮಾ?"

"ಹೌದು ಸರ್. ಆದ್ರೂ ಬಂದಿದ್ದೆ."

"ಯಾಕೆ?"

"ಮನೇಲಿ ಬೇಜಾರಾಗ್ತಿತ್ತು."

ನಿಜವಾಗಿ ಬಟ್ಟೆ ಸುಟ್ಟವಳು ಐವರಲ್ಲಿ ಹಿರಿಯಳಾದ ದೊಡ್ಡಕ್ಕ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು, ಕಣ್ಣು ಆಗಲೇ ಕೈಕೊಟ್ಟಿತ್ತು. ಡಯಲಿನ ಮೇಲಿನ ಅಂಕಿಗಳನ್ನು ಪಕ್ಕದವಳು ಮಾತಿನ ನಡುವೆ ಮೆಲ್ಲಗೆ ಹೇಳುತ್ತಿದ್ದಳು. ಎರಡು ವರ್ಷದಿಂದ ಕೆಲಸ ಹಾಗೇ ನಡೆದಿತ್ತು. ಆ ಪಕ್ಕದವಳು ರಜೆ ಹಾಕಿದ ದಿನ ಉಳಿದ ಮೂವರಲ್ಲಿ ಪ್ರತಿಯೊಬ್ಬಳೂ ಇನ್ನೊಬ್ಬಳು ನೋಡಿಕೊಳ್ಳುತ್ತಾಳೆ ಅಂದುಕೊಂಡಳು. ಈಗ ತಪ್ಪು ಹೊರುವಾಗ ಮಾತ್ರ ಯಾರೂ ಇನ್ನೊಬ್ಬಳಿಗೆ ಬಿಡಲಿಲ್ಲ. ಮುಂಚೆಯೇ ಕೂತು ಮಾತಾಡಿಕೊಂಡಿದ್ದರೆ ಒಬ್ಬಳೇ ಒಪ್ಪಿಕೊಂಡು ಮುಗಿಸಬಹುದಿತ್ತು. ಅಷ್ಟು ಬುದ್ಧಿ ಓಡಲಿಲ್ಲ, ಪಾಪ.

ಕೊನೆಗೆ ದೊಡ್ಡಕ್ಕ ಬಂದಳು. "ತಪ್ಪು ನಂದು ಸರ್. ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಆ ಮಕ್ಕಳನ್ನ ಬಿಟ್ಬಿಡಿ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವೂ ಶುರು ಮಾಡಿದ್ರಾ? ಸಾಕು, ಹೋಗಿ."

ಮಧ್ಯಾಹ್ನ ವರದಿ ತಯಾರಾಯಿತು. ತಪ್ಪಿತಸ್ಥರು ಯಾರೆಂದು ಖಚಿತವಾಗಿಲ್ಲ. ಇವರದು ಕ್ಲೋಸ್-ನಿಟ್ ಗುಂಪು. ಆದಕಾರಣ ಐವರನ್ನೂ ಬೇರೆ ಬೇರೆ ವಿಭಾಗಕ್ಕೆ ವರ್ಗಾಯಿಸತಕ್ಕದ್ದು. ಟೈಪಿಸ್ಟ್ ಆ ಪದದ ಬಳಿ ಬೆರಳು ನಿಲ್ಲಿಸಿದ.

"ಸರ್, ಕ್ಲೋಸ್-ನಿಟ್ ಅಂದ್ರೆ ಒಬ್ಬರಿಗೊಬ್ಬರು ತುಂಬಾ ಬೇಕಾದವರು ಅಂತ ತಾನೆ? ಹೋದ ವರ್ಷ ಇವರಿಗೆ ಬಹುಮಾನ ಕೊಟ್ಟಾಗಲೂ ಇದನ್ನೇ ಟೈಪ್ ಮಾಡಿದ್ದೆ. ಇದು ಹೊಗಳೋ ಪದ ಅಲ್ವಾ?"

"ಬಹುಮಾನಕ್ಕೆ ಹೊಗಳಿಕೆ. ವಿಚಾರಣೆಯಲ್ಲಿ ಅದೇ ವರ್ಗಾವಣೆಗೆ ಕಾರಣ. ನೀನು ಹೊಡಿ."

ಅವನು ಹೊಡೆದ.

ಸೋಮವಾರ ಬೆಳಿಗ್ಗೆ ದೊಡ್ಡಕ್ಕ ಹಿಂದಿನ ಕಟ್ಟಡದಲ್ಲಿ ಬಟ್ಟೆ ಒಣಗಿಸುವ ಯಂತ್ರದ ಮುಂದೆ ನಿಂತಿದ್ದಳು. ಅದಕ್ಕೂ ಒಂದು ಡಯಲ್, ಅವಳ ಕಣ್ಣಿಗೆ ಅದರ ಅಂಕಿಗಳೆಲ್ಲ ಮಂಜು. ಕೇಳಿದರೆ ಕಣ್ಣಿನ ಗುಟ್ಟು ರಟ್ಟಾಗುತ್ತದೆ. ಕೇಳದೆ ತಿರುಗಿಸಿದರೆ ಮತ್ತೆ ಸುಡುತ್ತದೆ. ಎರಡರಲ್ಲಿ ಯಾವುದಾದರೂ ಕೆಲಸ ಹೋದ ಹಾಗೇ. ಅವಳಿಗೆ ಭಯವಾಯಿತು. ಗುಂಡಿಯ ಮೇಲೆ ಕೈಯಿಟ್ಟಳು, ತಿರುಗಿಸಲಿಲ್ಲ.

ಪಕ್ಕದ ಯಂತ್ರದಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಒದ್ದೆ ಬಟ್ಟೆ ತುಂಬುತ್ತಿದ್ದಳು. ದೊಡ್ಡಕ್ಕನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಬಾಗಿಲಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಟ್ಟೆ ತುಂಬುತ್ತಲೇ ಹೇಳಿದಳು:

"ತೊಂಬತ್ತರಲ್ಲಿದೆ ಅಮ್ಮಾ. ಮೆಲ್ಲಗೆ ಇಳಿಸ್ತಾ ಹೋಗಿ, ಸಾಕಾದಾಗ ನಾನು ಹೇಳ್ತೀನಿ."