ನಾಲ್ಕನೇ ಚೌಕ

ಮತ್ತೆ ಪರದೆ ಸತ್ತಿತು.

ಜವಾದ್ ಕೆಮ್ಮುತ್ತಲೇ ಮೆಟ್ಟಿಲು ಹತ್ತಿದ. ಅಟ್ಲಾಸ್ ಬೆಟ್ಟದ ಈ ಊರಿನಲ್ಲಿ ಗಂಡಸು ಕೆಮ್ಮದೆ ಮಾಳಿಗೆ ಹತ್ತುವಂತಿಲ್ಲ, ಮಾಳಿಗೆಗಳು ಹೆಂಗಸರವು. ಅವನ ಇಂಟರ್ನೆಟ್ ಆಂಟೆನಾದ ಮೂಗಿನೆದುರಿಗೇ, ಪಕ್ಕದ ಮನೆಯ ಇಟ್ಟೋ ಎಂಬವಳ ಒದ್ದೆ ಕಂಬಳಿ ಗೋಡೆಯ ಹಾಗೆ ತೂಗುತ್ತಿತ್ತು.

“ತೆಗಿ ಅದನ್ನ!”

“ಒಣಗ್ಲಿ, ಅಳಿಯಂದ್ರೇ. ಅರ್ಧ ಗಂಟೆ ಸಾಕು, ನಮ್ಮ ಕೆಲಸ ಆಗುತ್ತೆ.”

“ಕುಡಿಯೋಕೆ ನೀರಿಲ್ಲ ಅಂತ ಅಳ್ತೀರಿ, ಕಂಬಳಿ ಮಾತ್ರ ದಿನಾ ಒದ್ದೆ! ಮೊನ್ನೆ ಆ ಮನೇದು, ನಿನ್ನೆ ಈ ಮನೇದು. ಇದಕ್ಕೂ ಸರದಿ ಹಾಕ್ಕೊಂಡಿದ್ದೀರಾ?”

“ನೀರಿಗೇ ಸರದಿ ಇರೋ ಊರಪ್ಪ ಇದು.” ಇಟ್ಟೋ ಮೂಗು ಹಿಡಿದುಕೊಂಡು, ಅವನ ಕಂಪನಿಯ ಮೇಲ್ವಿಚಾರಕ ಫೋನಿನಲ್ಲಿ ಮಾತಾಡುವ ಹಾಗೇ ಗೊಗ್ಗರಿಸಿದಳು: “ಹಲೋ ಜವಾ...ದ್, ಕೇಳ್...ಸ್ತಿ...ದ್ಯಾ? ನೆಟ್ಟು ನೆಟ್ಟಗಿರ್ಬೇಕಾದ್ರೆ ಮನುಷ್ಯ ನೆಟ್ಟಗಿರ್ಬೇಕಪ್ಪಾ!”

ಸುತ್ತಲಿನ ಮಾಳಿಗೆಗಳೆಲ್ಲ ನಕ್ಕವು. ಅದು ತಮಾಷೆಯ ನಗುವಲ್ಲ.

ಕಾಸಾಬ್ಲಾಂಕಾದ ಕಾರ್ಖಾನೆ ಮುಚ್ಚಿದ ಮೇಲೆ ಜವಾದ್ ಹೆಂಡತಿಯ ತವರಿಗೆ ಬಂದು ಬಿದ್ದಿದ್ದ. ಸಿಕ್ಕಿದ್ದು ಇದೊಂದೇ ಕೆಲಸ: ಮನೆಯಲ್ಲೇ ಕೂತು ಕಾವಲು. ಪರದೆಯ ಮೇಲೆ ನಾಲ್ಕು ಚೌಕ, ನಾಲ್ಕು ಕ್ಯಾಮೆರಾ. ಯಾವ ದೇಶದ ಯಾವ ಬೇಲಿಯೋ, ಕಂಪನಿ ಹೇಳುವುದಿಲ್ಲ, ಬರೀ ನಂಬರು. ಯಾರಾದರೂ ಬೇಲಿಯೊಳಗೆ ಕಂಡರೆ ಕೆಂಪು ಗುಂಡಿ ಒತ್ತಬೇಕು. ಅಲ್ಲಿಯ ಕಾವಲುಗಾರ ನಾಯಿ ಬಿಡುತ್ತಾನೆ. ನಾಲ್ಕನೇ ಚೌಕದಲ್ಲಿ ಕಳ್ಳರು ಹೆಚ್ಚು: ಒಂದು ಕಲ್ಲಿನ ತೊಟ್ಟಿ, ಸುತ್ತ ಮುಸುಕು ಹೊದ್ದ ಬೂದು ಆಕೃತಿಗಳು. ಮೊದಲ ವಾರವೇ ಹನ್ನೊಂದು ಸಲ ಒತ್ತಿ ಶಹಬ್ಬಾಸ್ ಅನ್ನಿಸಿಕೊಂಡಿದ್ದ.

ತಿಂಗಳಲ್ಲಿ ಐದು ಸಲ, ಹತ್ತು ನಿಮಿಷ ಮೀರಿ ಸಂಪರ್ಕ ತಪ್ಪಿದರೆ ಕೆಲಸ ಹೋಯಿತು. ಇದು ನಾಲ್ಕನೆಯದು.

ಈ ಕಂಬಳಿ ಕಾಟ ಶುರುವಾದದ್ದು ಅತ್ತೆ ಇಜ್ಜಾ ಒಂದು ಮಧ್ಯಾಹ್ನ ರೊಟ್ಟಿ, ಆಲಿವ್ ಎಣ್ಣೆ ತಂದ ಮರುದಿನದಿಂದ. ಅವತ್ತು ಅವಳು ಪರದೆ ನೋಡಿದಳು. ಬಟ್ಟಲು ವಾಲಿ ಎಣ್ಣೆ ನೆಲಕ್ಕೆ ಸುರಿಯಿತು.

“ಯಾರನ್ನ ಕಾಯ್ತಿದ್ದೀಯ?”

“ಕಳ್ಳರನ್ನ. ಎಲ್ಲಿಯವರೋ, ಯಾರಿಗ್ಗೊತ್ತು.”

ಅವಳು ಬಟ್ಟಲು ಎತ್ತಿಕೊಂಡು ಹೊರಟುಹೋದಳು. ಅವತ್ತಿನಿಂದ ಅವನ ಚಹಾ ಅರ್ಧ ಲೋಟಕ್ಕಿಳಿಯಿತು, ರೊಟ್ಟಿ ತಣ್ಣಗಾಯಿತು. ಅವನು ಬೀದಿಗೆ ಬಂದರೆ ಮಾತುಗಳು ಬಾಗಿಲು ಹಾಕಿಕೊಂಡವು.

ಇಟ್ಟೋ ಕಂಬಳಿ ಹಾಕಿದ ಮರುದಿನ ಮಧ್ಯಾಹ್ನ ಐದನೇ ಸಲ ಪರದೆ ಸತ್ತಿತು.

“ನನ್ನ ರೊಟ್ಟಿಗೆ ಮಣ್ಣು ಹಾಕ್ತಿದ್ದೀರಿ!” ಅಂಗಳದಲ್ಲಿ ಅತ್ತೆಯ ಮೇಲೆ ಕಿರುಚಿದ.

“ಕೂಲಿ ತಿನ್ನೋನ ಕಣ್ಣು ಕೂಲಿ ಕೊಟ್ಟೋನದು,” ಎಂದಳು ಇಜ್ಜಾ. “ನಿಂಗೆ ಹೇಳಿ ಏನು ಪ್ರಯೋಜನ?”

ಕಾವಲಿನ ಕೆಲಸ ಫೋನಿನಲ್ಲೂ ನಡೆಯುತ್ತಿತ್ತು. ಸಿಗ್ನಲ್ ಸಿಕ್ಕರೆ ಸಾಕು. ಫೋನ್ ಹಿಡಿದು ಓಡಿದ. ಮಸೀದಿಯ ಬಳಿ ಒಂದು ಗೆರೆ. ಕಣದಲ್ಲಿ ಅದೂ ಇಲ್ಲ. ಅಕ್ರೋಟು ಮರಗಳ ಹತ್ತಿರ ಎರಡು. ಅಲ್ಲಿಂದ ಮೇಲಕ್ಕೆ ಹೋಗುವುದು ಹೆಂಗಸರ ನೀರಿನ ದಾರಿ. ಗಂಡಸರು ಕಾಲಿಡಕೂಡದೆಂದು ಬಂದ ದಿನವೇ ಹೇಳಿದ್ದರು, ಇಟ್ಟಿರಲಿಲ್ಲ.

“ಅಲ್ಲಿಗೆ ಬೇಡ!” ಇಜ್ಜಾ ಏದುಸಿರು ಬಿಡುತ್ತ ಹಿಂದೆಯೇ ಬಂದು ತೋಳು ಹಿಡಿದಳು. “ಹೆಂಗಸರಿದ್ದಾರೆ!”

“ಇರ್ಲಿ!” ಕೊಡವಿಕೊಂಡು ನುಗ್ಗಿದ.

ಎಂಟು ನಿಮಿಷವಾಗಿತ್ತು. ಮೂರು ಗೆರೆ. ಯಾವುದೋ ಮುಳ್ಳುತಂತಿ ಸಿಕ್ಕಿ ಅಂಗಿಯ ಎಡತೋಳು ಪರ್‍ರನೆ ಹರಿಯಿತು, ಬಗ್ಗಿ ನುಸುಳಿದ. ಕಣ್ಣು ಮಾತ್ರ ಫೋನಿನ ಮೇಲೇ. ನಾಲ್ಕು ಗೆರೆ. ಐದು!

ಒಂಬತ್ತನೇ ನಿಮಿಷಕ್ಕೆ ಚೌಕಗಳು ಬೆಳಗಿದವು. ನಾಲ್ಕನೆಯದರಲ್ಲಿ ತೊಟ್ಟಿಯ ಸುತ್ತ ಅದೇ ಮುಸುಕಿನ ಕಳ್ಳರು, ಕೈಯಲ್ಲಿ ಕ್ಯಾನುಗಳು. ಹೆಬ್ಬೆರಳು ತಾನಾಗಿಯೇ ಕೆಂಪು ಗುಂಡಿ ಒತ್ತಿತು. ಕೆಲಸ ಉಳಿಯಿತು.

ಆದರೆ ಆ ಕಳ್ಳರು ಓಡಲಿಲ್ಲ. ಕ್ಯಾನು ಹಿಡಿದವರು ಹಿಡಿದ ಹಾಗೇ ನಿಂತು, ತಮ್ಮ ನಡುವೆ ಬಂದು ನಿಂತಿದ್ದ ಒಬ್ಬ ಗಂಡಸನ್ನೇ ನೋಡುತ್ತಿದ್ದರು.

ತಲೆ ಬಗ್ಗಿಸಿ ಫೋನ್ ನೋಡುತ್ತಿದ್ದ ಆ ಗಂಡಸಿನ ಅಂಗಿಯ ಎಡತೋಳು ಹರಿದಿತ್ತು.